ಆಕಾಶಕ್ಕೊಂದು ಗೋಪುರ

ರಷ್ಯಾ ದೇಶದ ರಿಯಜಾನ್ ಪ್ರಾಂತ್ಯದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ 1857ರ ಸೆಪ್ಟೆಂಬರ್ 17ರಂದು ಕಾನ್‌ಸ್ತಂತೀನ್ ತ್ಸಿಯೋಲ್ಕೊವ್‌ಸ್ಕಿ ಜನಿಸಿದರು. ತಂದೆ ಅರಣ್ಯ ಇಲಾಖೆಯ ನೌಕರ. ಸಂಸಾರ ದೊಡ್ಡದು, ವರಮಾನ ಚಿಕ್ಕದು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಸ್ಕಾರ್ಲೆಟ್ ಜ್ವರ ಬಂದು, ಕಿವಿ ಬಹುಮಟ್ಟಿಗೆ ಕೇಳಿಸದಂತಾಯಿತು. ಗುರುಗಳ ಮಾತು ಕಿವಿಗೆ ಬೀಳದವನಿಗೆ ಶಾಲೆಯೆಲ್ಲಿಯದು? ಕೆಲವೇ ವರ್ಷಗಳಲ್ಲಿ ತಾಯಿಯೂ ತೀರಿಕೊಂಡಳು. ಅಂದಿನಿಂದ ಪುಸ್ತಕಗಳೇ ಅವನ ಗುರುಗಳೂ ಗೆಳೆಯರೂ ಆದವು.

ಮಗನ ಬುದ್ಧಿಯ ಚುರುಕನ್ನು ಕಂಡ ತಂದೆ 1873ರಲ್ಲಿ ಅವನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದರು. ಅಲ್ಲಿ ಮೂರು ವರ್ಷ ಗ್ರಂಥಾಲಯವೇ ಅವನ ವಿದ್ಯಾಲಯ. ಮನೆಯಿಂದ ಬರುತ್ತಿದ್ದ ಅಲ್ಪ ಹಣವೆಲ್ಲ ಪುಸ್ತಕಕ್ಕೂ ರಾಸಾಯನಿಕ ವಸ್ತುಗಳಿಗೂ ವೆಚ್ಚವಾಗಿ, ಹೊಟ್ಟೆಗೆ ಉಳಿಯುತ್ತಿದ್ದುದು ಕಪ್ಪು ರೊಟ್ಟಿ ಮಾತ್ರ. ಮಗ ಕೃಶನಾಗಿರುವುದನ್ನು ತಿಳಿದ ತಂದೆ ಮನೆಗೆ ಕರೆಸಿಕೊಂಡರು.

1879ರಲ್ಲಿ ತ್ಸಿಯೋಲ್ಕೊವ್‌ಸ್ಕಿ ಉಪಾಧ್ಯಾಯರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮೊದಲು ಬೊರೊವ್‌ಸ್ಕ್, 1892ರಿಂದ ಕಲೂಗಾ ಪಟ್ಟಣ. ಸುಮಾರು ನಾಲ್ವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದರು. ತಗಡಿನಿಂದ ತಾವೇ ಮಾಡಿಕೊಂಡ ದೊಡ್ಡ ಕಹಳೆಯನ್ನು ಕಿವಿಗೆ ಹಿಡಿದು ಪರರ ಮಾತನ್ನು ಆಲಿಸುತ್ತಿದ್ದ ಈ ಮೇಷ್ಟರು, ಸಂಜೆ ಮನೆಗೆ ಬಂದು ಗ್ರಹಗಳ ನಡುವಣ ಪ್ರಯಾಣದ ಲೆಕ್ಕ ಹಾಕುತ್ತಿದ್ದರು. 1887ರಲ್ಲಿ ಬೆಂಕಿ ಬಿದ್ದು ಮನೆಯೊಡನೆ ಹಸ್ತಪ್ರತಿಗಳೂ ಸುಟ್ಟುಹೋದವು. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಗೆ ನುಗ್ಗಿತು. ಎರಡು ಸಲವೂ ಅವರು ಮತ್ತೆ ಬರೆಯಲು ಕುಳಿತರು.

ಪ್ಯಾರಿಸ್ಸಿನಲ್ಲಿ 1889ರಲ್ಲಿ ಎದ್ದುನಿಂತ ಐಫೆಲ್ ಗೋಪುರದ ಎತ್ತರ ಸುಮಾರು 300 ಮೀಟರ್. ಅಂಥ ಗೋಪುರವನ್ನು ಭೂಮಧ್ಯರೇಖೆಯ ಮೇಲೆ ನಿಲ್ಲಿಸಿ, ಎತ್ತರಿಸುತ್ತಲೇ ಹೋದರೆ ಏನಾದೀತು? 1895ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ತ್ಸಿಯೋಲ್ಕೊವ್‌ಸ್ಕಿ ಇದನ್ನು ವಿಚಾರಿಸಿದರು. ಮೇಲೇರಿದಂತೆ ಭೂಮಿಯ ಸೆಳೆತ ಕುಗ್ಗುತ್ತದೆ. ಭೂಮಿಯೊಡನೆ ಸುತ್ತುವ ಗೋಪುರದ ವೇಗ ಹೆಚ್ಚಿ, ಹೊರಕ್ಕೆ ಎಸೆಯುವ ಪ್ರವೃತ್ತಿ ಬಲಗೊಳ್ಳುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಎರಡೂ ಸರಿಸಮವಾಗಿ, ಅಲ್ಲಿ ನಿಂತವನಿಗೆ ತನ್ನ ಭಾರವೇ ಅರಿವಾಗದು. ಹಾಸನದ ಕೇಂದ್ರದಿಂದ ನಿಯಂತ್ರಿಸಲ್ಪಡುವ ನಮ್ಮ ಸಂಪರ್ಕ ಉಪಗ್ರಹಗಳು ಇರುವುದು ಇದೇ ಎತ್ತರದಲ್ಲಿ.

ಆದರೆ ಅಂಥ ಗೋಪುರ ತನ್ನ ಭಾರಕ್ಕೆ ತಾನೇ ಕುಸಿದೀತು. 1960ರಲ್ಲಿ ಯೂರಿ ಅರ್ತ್‌ಸುತಾನೊವ್ ಎಂಬ ರಷ್ಯನ್ ಎಂಜಿನಿಯರು ಯೋಚನೆಯನ್ನೇ ತಲೆಕೆಳಗು ಮಾಡಿದರು: ಕೆಳಗಿನಿಂದ ಕಟ್ಟುವ ಬದಲು, ಆ ಎತ್ತರದ ಉಪಗ್ರಹದಿಂದ ಭೂಮಿಗೆ ಹಗ್ಗವನ್ನು ಇಳಿಬಿಡುವುದು, ತೂಕ ಸರಿದೂಗಲೆಂದು ಇನ್ನೊಂದು ಹಗ್ಗವನ್ನು ಆಚೆಗೆ ಚಾಚುವುದು. ಬಾವಿಗೆ ಬಿಟ್ಟ ಹಗ್ಗದಂತೆ ಇಲ್ಲಿಯೂ ಕೆಳಗಿನ ಭಾಗದ ತೂಕವನ್ನೆಲ್ಲ ಮೇಲಿನ ಭಾಗವೇ ತಾಳಬೇಕು. ಆದ್ದರಿಂದ ಹಗ್ಗ ಆ ಎತ್ತರದಲ್ಲಿ ಅತ್ಯಂತ ದಪ್ಪವಾಗಿರಬೇಕು. ಒಂದೇ ದಪ್ಪದ ಉಕ್ಕಿನ ಹಗ್ಗವಾದರೋ ನೂರು ಕಿಲೋಮೀಟರ್ ಉದ್ದವಾಗುವ ಮೊದಲೇ ತನ್ನ ಭಾರಕ್ಕೆ ಹರಿದುಹೋಗುತ್ತದೆ. ಇಂಗಾಲದ ಅತಿಸೂಕ್ಷ್ಮ ನಳಿಕೆಗಳಿಗೆ ಸಾಕಷ್ಟು ಬಲವುಂಟೆಂದು ವಿಜ್ಞಾನಿಗಳು ಕಂಡಿದ್ದರೂ, ಅವುಗಳಿಂದ ಇಷ್ಟುದ್ದದ ಹಗ್ಗ ಹೊಸೆಯುವ ವಿದ್ಯೆ ಇನ್ನೂ ಕೈಗೂಡಿಲ್ಲ.

ತ್ಸಿಯೋಲ್ಕೊವ್‌ಸ್ಕಿಯವರೇನೂ ಗೋಪುರ ಕಟ್ಟಲು ಹೊರಟವರಲ್ಲ. ಗುರುತ್ವವನ್ನು ಅರಿಯಲು ಅವರು ಮನಸ್ಸಿನಲ್ಲೇ ಹೂಡಿದ ಪ್ರಯೋಗವದು. ಭೂಮಿಯನ್ನು ಬಿಟ್ಟೇಳುವ ಸಾಧನ ರಾಕೆಟ್ಟೇ ಎಂಬುದನ್ನು ಅವರು 1903ರ ಪ್ರಬಂಧದಲ್ಲಿ ಗಣಿತದಿಂದ ತೋರಿಸಿದರು. ರಾಕೆಟ್ಟಿನ ವೇಗ ಸಮಪ್ರಮಾಣದಲ್ಲಿ ಏರಬೇಕಾದರೆ ಇಂಧನ ಗುಣಿತ ಗುಣಿತವಾಗಿ ಹೆಚ್ಚಬೇಕೆಂಬ ಅವರ ಸಮೀಕರಣವೇ ಇಂದಿಗೂ ರಾಕೆಟ್ ವಿದ್ಯೆಗೆ ತಳಹದಿ. ಇಂಧನದ ಈ ಹೊರೆಯನ್ನು ತಪ್ಪಿಸುವ ಆಸೆಯಿಂದಲೇ ಹಗ್ಗದ ಯೋಚನೆ ಇನ್ನೂ ಜೀವಂತವಾಗಿದೆ.

ಆ ಪ್ರಬಂಧವನ್ನು ಅಂದು ಗಮನಿಸಿದವರು ವಿರಳ. ಮನ್ನಣೆ ದೊರೆತುದು ಮುಪ್ಪಿನಲ್ಲಿ. ಜೀವನಕ್ಕೆಂದು ಸರ್ಕಾರದ ವೇತನ ಬಂದುದು 1921ರಲ್ಲಿ. 1935ರ ಸೆಪ್ಟೆಂಬರ್ 19ರಂದು ಅವರು ಕಲೂಗಾದಲ್ಲಿ ನಿಧನರಾದರು. 1957ರ ಅಕ್ಟೋಬರ್ 4ರಂದು ಮೊದಲ ಕೃತಕ ಉಪಗ್ರಹ ಭೂಮಿಯನ್ನು ಸುತ್ತಿತು. ಎರಡು ವರ್ಷಗಳ ತರುವಾಯ ನೌಕೆಯೊಂದು ಚಂದ್ರನ ಹಿಂಬದಿಯ ಚಿತ್ರಗಳನ್ನು ಕಳುಹಿಸಿದಾಗ, ಅಲ್ಲಿ ಕಂಡ ದೊಡ್ಡ ಕುಳಿಯೊಂದಕ್ಕೆ ಕಲೂಗಾದ ಈ ಮೇಷ್ಟರ ಹೆಸರನ್ನಿಟ್ಟರು.