ನರಸಿಂಹನ ಹೆಸರು ಹೊತ್ತ ದೊರೆ: ರಣಧೀರ ಕಂಠೀರವ ನರಸರಾಜ ಒಡೆಯರು

ದೇವರ ಉತ್ಸವವೆಂದರೆ ಕೇವಲ ಪೂಜೆ, ಪ್ರಸಾದವಲ್ಲ. ತೇರಿನ ಹಗ್ಗಕ್ಕೆ ಕೈ ಹಾಕಿದಾಗ ಹಿರಿಯ-ಕಿರಿಯ, ಉಳ್ಳವ-ಇಲ್ಲದವ ಎಂಬ ಭೇದ ಮರೆತುಹೋಗುತ್ತದೆ. ಒಂದು ನಾಡು ತನ್ನನ್ನು ತಾನು ಗುರುತಿಸಿಕೊಳ್ಳುವುದೂ ಇಂತಹ ಉತ್ಸವಗಳಲ್ಲಿಯೇ. ಈ ಮಾತನ್ನು ಮುನ್ನೂರೈವತ್ತು ವರ್ಷಗಳಿಗೂ ಹಿಂದೆಯೇ ಅರಿತು ಆಚರಣೆಗೆ ತಂದ ಮಹನೀಯರು ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು. ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಮತ್ತು ಶ್ರೀ ಸೋಮೇಶ್ವರಸ್ವಾಮಿ ನೆಲೆಸಿರುವ ನಂಗವಳ್ಳಿಯ ಉತ್ಸವದ ಸಂದರ್ಭದಲ್ಲಿ, ನರಸಿಂಹನ ಹೆಸರನ್ನೇ ಹೊತ್ತಿದ್ದ ಈ ದೊರೆಯ ಬಾಳನ್ನು ಸ್ಮರಿಸುವುದು ಉಚಿತವಾಗಿದೆ. ಸೇಲಂ, ಧರ್ಮಪುರಿ ಸೀಮೆಗಳಿಗೂ ಮೈಸೂರಿಗೂ ಬೆಳೆದ ನಂಟಿನಲ್ಲಿ ಇವರ ಪಾತ್ರ ದೊಡ್ಡದು.

ಜನನ ಮತ್ತು ಪಟ್ಟಾಭಿಷೇಕ

ಕಂಠೀರವ ನರಸರಾಜರು ಜನಿಸಿದ್ದು 1615ರಲ್ಲಿ. ಇವರ ತಂದೆ ಬೆಟ್ಟದ ಚಾಮರಾಜ ಒಡೆಯರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡ ರಾಜ ಒಡೆಯರ ಸಹೋದರರು ಅವರು. ನರಸರಾಜರ ಯೌವನ ಅರಮನೆಯ ವೈಭವದಲ್ಲಿ ಕಳೆಯಲಿಲ್ಲ. ರಾಜಧಾನಿಯಿಂದ ದೂರದ ತೆರಕಣಾಂಬಿಯಲ್ಲಿ ಇವರ ವಾಸ. ಗರಡಿ ಸಾಧನೆ, ಕತ್ತಿವರಸೆ, ಕುದುರೆ ಸವಾರಿಗಳಲ್ಲಿ ಇವರು ಅಸಾಮಾನ್ಯರೆನಿಸಿದ್ದರು.

ಅವರ ಯೌವನದ ಒಂದು ಪ್ರಸಂಗವನ್ನು ಜನ ಇಂದಿಗೂ ಹೇಳುತ್ತಾರೆ. ತಿರುಚಿರಾಪಳ್ಳಿಯಲ್ಲಿ ಒಬ್ಬ ಜಟ್ಟಿ ತನ್ನನ್ನು ಗೆಲ್ಲುವವರಿಲ್ಲವೆಂದು ಗರ್ವದಿಂದ ಬೀಗುತ್ತಾ, ತನ್ನ ಚಲ್ಲಣವನ್ನು ಕೋಟೆಯ ಬಾಗಿಲಿಗೆ ಕಟ್ಟಿಸಿದ್ದನಂತೆ. ಒಳಗೆ ಹೋಗುವವರೆಲ್ಲ ಅದರ ಕೆಳಗೇ ನುಸುಳಬೇಕು. ಈ ಸುದ್ದಿ ತಿಳಿದ ನರಸರಾಜರು ಮಾರುವೇಷದಲ್ಲಿ ಅಲ್ಲಿಗೆ ಹೋಗಿ, ಕತ್ತಿಯ ಕಾಳಗದಲ್ಲಿ ಅವನನ್ನು ಸೋಲಿಸಿ ಕೊಂದರು. ಮರುದಿನ ಆಸ್ಥಾನದಲ್ಲಿ ದೊರೆಯಬೇಕಾಗಿದ್ದ ಬಹುಮಾನಕ್ಕೂ ಕಾಯದೆ ಆ ರಾತ್ರಿಯೇ ಹೊರಟುಬಂದರೆಂದು ಐತಿಹ್ಯ. ಹೆಸರಿಗೆ, ಹಣಕ್ಕೆ ಆಸೆಪಡದೆ ಗರ್ವವನ್ನು ಮುರಿದು ಬಂದ ಈ ಕಥೆಯೇ ಅವರನ್ನು ಜನರ ಮನಸ್ಸಿನಲ್ಲಿ ರಣಧೀರನನ್ನಾಗಿ ನಿಲ್ಲಿಸಿದೆ.

1638ರಲ್ಲಿ ಮೈಸೂರಿನ ಸ್ಥಿತಿ ಬಹಳ ಶೋಚನೀಯವಾಗಿತ್ತು. ದಳವಾಯಿ ವಿಕ್ರಮರಾಯನು ಅಧಿಕಾರವನ್ನೆಲ್ಲ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದನು. ಪಟ್ಟಕ್ಕೆ ಬಂದು ಒಂದೆರಡು ವರ್ಷವೂ ತುಂಬದ ಇಮ್ಮಡಿ ರಾಜ ಒಡೆಯರು ಅವನಿಂದಲೇ ವಿಷಪ್ರಾಶನಕ್ಕೆ ಬಲಿಯಾದರು. ಆಗ ಇಪ್ಪತ್ತಮೂರು ವರ್ಷದ ನರಸರಾಜರನ್ನು ಕರೆತಂದು ಪಟ್ಟ ಕಟ್ಟಲಾಯಿತು. ಹಿಂದಿನವರಿಗೆ ಬಂದ ಗತಿಯೇ ಇವರಿಗೂ ಬರಬಹುದೆಂಬ ಭಯ ಎಲ್ಲರಲ್ಲಿತ್ತು. ಆದರೆ ಹೊಸ ದೊರೆ ತಡಮಾಡಲಿಲ್ಲ. ನಂಬಿಗಸ್ತ ಸೇವಕರ ಮೂಲಕ ಆ ದಳವಾಯಿಯ ಕಥೆ ಮುಗಿಯಿತು. ಸಿಂಹಾಸನ ಮತ್ತೆ ಅರಸರ ವಶವಾಯಿತು.

ಕೋಟೆಯ ರಕ್ಷಣೆ

ಒಳಗಿನ ಶತ್ರು ಹೋದ ಕೂಡಲೇ ಹೊರಗಿನ ಶತ್ರು ಬಂದನು. ಬಿಜಾಪುರದ ಸೇನಾನಿ ರಣದುಲ್ಲಾ ಖಾನನು 1638ರಲ್ಲಿ ಬೆಂಗಳೂರನ್ನು ಗೆದ್ದು, 1639ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದನು. ಕೋಟೆ ಬಿದ್ದಿದ್ದರೆ ಮೈಸೂರೆಂಬ ರಾಜ್ಯವೇ ಉಳಿಯುತ್ತಿರಲಿಲ್ಲ. ಕಂಠೀರವರು ಎದೆಗುಂದದೆ ನಿಂತು ಕಾದಿದರು. ಬಿಜಾಪುರದ ಸೈನ್ಯ ಮುತ್ತಿಗೆಯನ್ನು ತೆಗೆದು ಹಿಂದಿರುಗಬೇಕಾಯಿತು. ಕಾವೇರಿಯ ನಡುವಿನ ದ್ವೀಪ ಉಳಿಯಿತು, ಶ್ರೀರಂಗನಾಥನ ಸನ್ನಿಧಿ ಉಳಿಯಿತು.

ಬಳಿಕ ಅವರು ರಾಜ್ಯದ ಎಲ್ಲೆಯನ್ನು ವಿಸ್ತರಿಸಿದರು. ಕಾವೇರಿಯ ಕೆಳದಂಡೆಯಲ್ಲಿ ತಾರಮಂಗಲದ ಗಟ್ಟಿ ಮುದಲಿಯಾರರ ಪ್ರಾಬಲ್ಯವಿತ್ತು. 1640ರ ದಶಕದಲ್ಲಿ ಅವರ ಕೈಯಲ್ಲಿದ್ದ ಸಾಂಬಳ್ಳಿಯ ಕಡೆಯ ಸ್ಥಳಗಳು ಮೈಸೂರಿನ ವಶವಾದವು. 1650ರ ದಶಕದಲ್ಲಿ ಪೆನ್ನಾಗರ, ಧರ್ಮಪುರಿ, ಡೆಂಕಣಿಕೋಟೆಗಳೂ ಸೇರಿದವು. ಗಟ್ಟಿ ಮುದಲಿಯಾರರೂ ಸಾಮಾನ್ಯರಲ್ಲ. ತಾರಮಂಗಲದ ಕೈಲಾಸನಾಥ ದೇವಾಲಯದ ಶಿಲ್ಪವೈಭವವೇ ಅವರ ದೈವಭಕ್ತಿಗೆ, ಕಲಾಭಿಮಾನಕ್ಕೆ ಸಾಕ್ಷಿ. ಹೀಗೆ ಈ ಸೀಮೆಯ ಇತಿಹಾಸದಲ್ಲಿ ಗೆದ್ದವರ ಕೀರ್ತಿಯೂ ಇದೆ, ಸೋತವರ ಕೀರ್ತಿಯೂ ಇದೆ.

ನರಸಿಂಹನ ನಾಣ್ಯ, ನರಸಿಂಹನ ಗುಡಿ

ಮೈಸೂರಿನ ದೊರೆಗಳಲ್ಲಿ ಸ್ವಂತ ಟಂಕಸಾಲೆಯನ್ನು ಸ್ಥಾಪಿಸಿದವರಲ್ಲಿ ಮೊದಲಿಗರು ಕಂಠೀರವರೇ. ಅವರು ಹೊರಡಿಸಿದ ಚಿಕ್ಕ ಚಿನ್ನದ ಹಣದ ಒಂದು ಮುಖದಲ್ಲಿ ಯೋಗಾಸನದಲ್ಲಿ ಕುಳಿತ ನರಸಿಂಹನ ಮೂರ್ತಿ, ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಕಂಠೀರವ ಎಂಬ ಹೆಸರು. ಇಂತಹ ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ ಎಂಬ ಲೆಕ್ಕ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣದಾದ ಈ ನಾಣ್ಯದ ಮೂಲಕ ನರಸಿಂಹಸ್ವಾಮಿಯು ಸಂತೆಗೆ, ಅಂಗಡಿಗೆ, ರೈತನ ಮನೆಗೆ ಬಂದನು. ಅರಸರು ಕಾಲವಾಗಿ ನೂರೈವತ್ತು ವರ್ಷಗಳಾದ ಮೇಲೂ ಮೈಸೂರಿನ ಲೆಕ್ಕಪತ್ರಗಳು ಕಂಠೀರಾಯ ವರಹದಲ್ಲಿಯೇ ನಡೆಯುತ್ತಿದ್ದವು.

ಶ್ರೀರಂಗಪಟ್ಟಣದಲ್ಲಿ ಅವರು ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದಲ್ಲಿ ಅಂಬೆಗಾಲು ಕೃಷ್ಣನ ಸುಂದರ ವಿಗ್ರಹವಿದೆ. ಅಲ್ಲಿಯೇ ಕರಿಯ ಕಲ್ಲಿನಲ್ಲಿ ಕಡೆದ ಕಂಠೀರವರ ಪ್ರತಿಮೆಯೂ ಇದೆ. ಕಾವೇರಿಯ ನೀರನ್ನು ಪಟ್ಟಣದ ಒಳಗೆ ಹರಿಸುವ ಬಂಗಾರದೊಡ್ಡಿ ನಾಲೆಯೂ ಅವರ ಕಾಲದ ಕೊಡುಗೆಯೆಂದು ಪ್ರತೀತಿ.

ನವರಾತ್ರಿಯ ವೈಭವ

ವಿಜಯನಗರದ ಅರಸರು ಆಚರಿಸುತ್ತಿದ್ದ ಮಹಾನವಮಿಯನ್ನು ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ಮುಂದುವರಿಸಿದವರು ರಾಜ ಒಡೆಯರು. ಅದಕ್ಕೆ ನಾಡಹಬ್ಬದ ಕಳೆ ತಂದವರು ಕಂಠೀರವರು. ಗೋವಿಂದವೈದ್ಯನು 1648ರಲ್ಲಿ ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವೆಂಬ ಕಾವ್ಯದಲ್ಲಿ ಆ ನವರಾತ್ರಿಯ ವಿಸ್ತಾರವಾದ ವರ್ಣನೆಯಿದೆ. ಸಿಂಗರಿಸಿದ ಬೀದಿಗಳು, ಓಲಗದಲ್ಲಿ ಕುಳಿತ ಅರಸರು, ಕಾಣಿಕೆ ಹೊತ್ತು ಬರುವ ಪಾಳೆಯಗಾರರು, ವಿದ್ವಾಂಸರು, ಗಾಯಕರು, ನರ್ತಕಿಯರು, ಜಟ್ಟಿಗಳ ಕಾಳಗ, ಕೊನೆಗೆ ವಿಜಯದಶಮಿಯ ಮೆರವಣಿಗೆ, ಹೀಗೆ ಒಂದು ಇಡೀ ನಾಡೇ ಆ ಕಾವ್ಯದಲ್ಲಿ ನೆರೆದಿದೆ.

ಈ ವೈಭವ ಬರಿಯ ಆಡಂಬರಕ್ಕಾಗಿ ಇರಲಿಲ್ಲ. ಹತ್ತು ವರ್ಷಗಳ ಹಿಂದೆ ಅರಮನೆಯಲ್ಲಿ ವಿಷ, ಬಾಗಿಲಲ್ಲಿ ಶತ್ರು ಇದ್ದ ರಾಜ್ಯವದು. ನಿನ್ನೆಯ ತನಕ ಬೇರೆ ಬೇರೆ ಒಡೆಯರ ಕೈಕೆಳಗಿದ್ದ, ಬೇರೆ ಬೇರೆ ಮಾತನಾಡುವ ಜನ ಒಂದೆಡೆ ಸೇರಿ, ಒಂದೇ ದೇವರಿಗೆ ಕೈಮುಗಿದು, ಒಂದೇ ಹಬ್ಬದಲ್ಲಿ ಉಂಡು ನಲಿದಾಗ ಮಾತ್ರ ಅದು ನಾಡಾಗಲು ಸಾಧ್ಯ. ಕತ್ತಿ ಗೆದ್ದುಕೊಟ್ಟದ್ದನ್ನು ಉತ್ಸವ ಉಳಿಸಿಕೊಟ್ಟಿತು.

ಅಂತ್ಯ ಮತ್ತು ಉಳಿದ ಕೀರ್ತಿ

ಇಪ್ಪತ್ತೊಂದು ವರ್ಷ ರಾಜ್ಯವಾಳಿದ ಕಂಠೀರವ ನರಸರಾಜರು 1659ರ ಜುಲೈ 31ರಂದು ಸ್ವರ್ಗಸ್ಥರಾದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಅವರ ನಂತರ ದೊಡ್ಡ ದೇವರಾಜ ಒಡೆಯರೂ, ಬಳಿಕ ಚಿಕ್ಕ ದೇವರಾಜ ಒಡೆಯರೂ (1673–1704) ಆಳಿದರು. ಚಿಕ್ಕ ದೇವರಾಜರ ಕಾಲದಲ್ಲಿ ಸೇಲಂ ಸೀಮೆಯೂ ಮೈಸೂರಿಗೆ ಸೇರಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ ಮತ್ತು ಬಾರಾಮಹಲ್ ಇಂಗ್ಲಿಷರ ಪಾಲಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡನಾಡು ಒಂದಾದಾಗ ಈ ಸೀಮೆ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು.

ಎಲ್ಲೆಗಳು ಹೀಗೆ ಹಲವು ಸಲ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಮಗ್ಗದ ಮುಂದೆ, ಹೊಲದ ಬದುವಿನಲ್ಲಿ, ಮದುವೆಯ ಚಪ್ಪರದಲ್ಲಿ ಕನ್ನಡ ಉಳಿದುಬಂದಿದೆ. ಶಾಲೆಯಲ್ಲಿ ಅದನ್ನು ಓದುವ ಮಕ್ಕಳು ಕಡಿಮೆಯಾಗುತ್ತಿರುವ ಕಾಲದಲ್ಲಿ, ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಅದು ತಲುಪುವ ದೊಡ್ಡ ಅವಕಾಶಗಳಲ್ಲಿ ಊರ ಹಬ್ಬವೂ ಒಂದು. 1960ರಲ್ಲಿ ತೆರೆಗೆ ಬಂದ ರಣಧೀರ ಕಂಠೀರವ ಚಲನಚಿತ್ರದಲ್ಲಿ ಡಾ. ರಾಜಕುಮಾರ್ ಅವರ ಅಭಿನಯದಿಂದ ಈ ದೊರೆಯ ಹೆಸರು ಮನೆಮಾತಾಯಿತು. ಅವರು ಬೆಳೆಸಿದ ದಸರಾ ಮೈಸೂರಿನಲ್ಲಿ ಇಂದಿಗೂ ನಾಡಹಬ್ಬವಾಗಿ ನಡೆಯುತ್ತಿದೆ.

ಒಂದೇ ಆವರಣದಲ್ಲಿ ಹರಿಯೂ ಹರನೂ ನೆಲೆಸಿರುವ ನಂಗವಳ್ಳಿಯಲ್ಲಿ ಕನ್ನಡ, ತಮಿಳು, ತೆಲುಗು ಮಾತಾಡುವ ಭಕ್ತರು ಒಂದೇ ಹಗ್ಗ ಹಿಡಿದು ತೇರೆಳೆಯುವುದನ್ನು ಕಂಡಾಗ ಕಂಠೀರವರ ಬಾಳಿನ ಸಂದೇಶ ತಾನಾಗಿ ಮನದಟ್ಟಾಗುತ್ತದೆ. ರಾಜ್ಯಗಳು ಅಳಿಯುತ್ತವೆ, ಕೋಟೆಗಳು ಕುಸಿಯುತ್ತವೆ. ಜನರು ಕೂಡಿ ಆಚರಿಸುವ ಉತ್ಸವ ಉಳಿಯುತ್ತದೆ. ಆ ಉತ್ಸವವನ್ನು ಮುಂದಿನ ಪೀಳಿಗೆಗೆ ಒಪ್ಪಿಸುವ ಶಕ್ತಿಯನ್ನು ಶ್ರೀ ಲಕ್ಷ್ಮೀನರಸಿಂಹಸ್ವಾಮಿಯು ಸಕಲ ಭಕ್ತಾದಿಗಳಿಗೂ ಕರುಣಿಸಲಿ.