ಶ್ರೀ ಪುರಂದರದಾಸರ ಸಂಪತ್ತು ಮತ್ತು ಸಂಸಾರ

ಪುಷ್ಯ ಬಹುಳ ಅಮಾವಾಸ್ಯೆಯು ದಾಸಶ್ರೇಷ್ಠರಾದ ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. ಜಯನಗರ, ಬನಶಂಕರಿಗಳ ಆಸ್ತಿಕರಾದ ನಾವು ಅಂದು ಅವರ ಪದಗಳನ್ನು ಹಾಡುತ್ತೇವೆ. ಅದರೊಡನೆ ಅವರ ಬಾಳನ್ನೂ ಸ್ಮರಿಸುವುದು ಉಚಿತ. ಹಣವು ಮನೆಯೊಳಗೆ ಏನು ಮಾಡಬಲ್ಲುದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರಿಲ್ಲ.

ದಾಸರು 1484ರಲ್ಲಿ ಜನಿಸಿದರೆಂದು ಸಂಪ್ರದಾಯದ ನಂಬಿಕೆ. ಮೊದಲಿನ ಹೆಸರು ಶ್ರೀನಿವಾಸನಾಯಕ. ಚಿನ್ನ, ರತ್ನಗಳ ವ್ಯಾಪಾರ ಮತ್ತು ಲೇವಾದೇವಿಯಿಂದ ನವಕೋಟಿನಾರಾಯಣರೆನಿಸಿದ್ದರು. ಆ ಮನೆಯಲ್ಲಿ ಯಾವ ವಸ್ತುವಿಗೂ ಕೊರತೆಯಿರಲಿಲ್ಲ. ಕೊಡುವ ಮನಸ್ಸು ಮಾತ್ರ ಇರಲಿಲ್ಲ.

ಮಗನ ಉಪನಯನಕ್ಕೆ ದ್ರವ್ಯ ಬೇಡಿ ಬಂದ ವೃದ್ಧ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ಅಲೆಸಿದರು. ಕೊನೆಗೆ ಆತನು ಅವರ ಪತ್ನಿ ಸರಸ್ವತೀಬಾಯಿಯವರಲ್ಲಿ ಮೊರೆಯಿಟ್ಟನು. ಆ ಸಾಧ್ವಿಯು ತವರಿನ ಮೂಗುತಿಯನ್ನೇ ಗುಟ್ಟಾಗಿ ದಾನವಿತ್ತರು. ಅದು ನಾಯಕರ ಅಂಗಡಿಗೇ ಬಂದಿತು. ಅವರು ಗುರುತಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಮೂಗುತಿಯನ್ನು ಕೇಳಿದರು. ದಿಕ್ಕುಗಾಣದ ಪತ್ನಿಯು ವಿಷದ ಬಟ್ಟಲನ್ನೆತ್ತಲು ಅದರೊಳಗೆ ಮೂಗುತಿ ದೊರೆಯಿತು. ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ಬಂದವನು ಶ್ರೀಹರಿಯೇ ಎಂಬುದು ನಾಯಕರಿಗೆ ಹೊಳೆಯಿತು.

ಈ ವೃತ್ತಾಂತದಲ್ಲಿ ನಾವು ಭಗವಂತನ ಲೀಲೆಯನ್ನು ಕಂಡು ಕೈಮುಗಿಯುತ್ತೇವೆ. ಆ ಮನೆಯ ಸ್ಥಿತಿಯನ್ನೂ ಕಾಣಬೇಕು. ತನ್ನದೇ ಒಡವೆಯನ್ನು ಕೊಟ್ಟ ಗೃಹಿಣಿಗೆ ಪತಿಯೊಡನೆ ನಿಜವನ್ನಾಡುವುದಕ್ಕಿಂತ ಪ್ರಾಣತ್ಯಾಗವೇ ಸುಲಭವಾಗಿ ತೋರಿತು. ಇದಕ್ಕಿಂತ ದಾರಿದ್ರ್ಯವುಂಟೇ?

ಸರ್ವಸ್ವವನ್ನೂ ದಾನಮಾಡಿದ ನಾಯಕರು ಪತ್ನೀಪುತ್ರರೊಡನೆ ವಿಜಯನಗರಕ್ಕೆ ಹೊರಟರು. ಕಾಡುದಾರಿಯಲ್ಲಿ ಸರಸ್ವತೀಬಾಯಿಯವರಿಗೆ ಕಳ್ಳರ ಭಯ ಹುಟ್ಟಿತು. ಪತಿಗೆ ನೀರು ಕೊಡಲೆಂದು ಚಿನ್ನದ ಬಟ್ಟಲೊಂದನ್ನು ತಂದಿದ್ದರು. ಅದನ್ನು ಎಸೆದೊಡನೆ ಭಯವೂ ಹೋಯಿತು. ಮುಂದೆ ಶ್ರೀ ವ್ಯಾಸರಾಜರಿಂದ ದಾಸದೀಕ್ಷೆಯೂ ಪುರಂದರವಿಠಲನ ಅಂಕಿತವೂ ಲಭಿಸಿದವು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಮಧುಕರವೃತ್ತಿಯಿಂದ ಬಂದ ಧಾನ್ಯದಲ್ಲೇ ಸಂಸಾರ ಸಾಗಿತು. ಅರಸನು ಪರೀಕ್ಷಿಸಲು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿದಾಗ ಆಕೆ ಅವನ್ನು ಕಲ್ಲುಗಳೆಂದೇ ಆರಿಸಿ ಎಸೆದರೆಂದು ಐತಿಹ್ಯ. ಈಗ ಪತಿಪತ್ನಿಯರ ಮನಸ್ಸು ಒಂದಾಗಿತ್ತು. 1564ರಲ್ಲಿ ದಾಸರು ಹರಿಪಾದವನ್ನು ಸೇರಿದರು. ತುಂಗಭದ್ರೆಯ ತೀರದ ಪುರಂದರಮಂಟಪವು ಇಂದಿಗೂ ಅವರನ್ನು ನೆನಪಿಸುತ್ತದೆ.

ಗಮನಿಸಬೇಕಾದುದೆಂದರೆ, ದಾಸದೀಕ್ಷೆಗಾಗಿ ಅವರು ಮಡದಿಮಕ್ಕಳನ್ನು ತೊರೆಯಲಿಲ್ಲ, ತೊರೆದದ್ದು ಲೋಭವನ್ನು.

ನಮ್ಮ ಬಡಾವಣೆಗಳಲ್ಲಿ ಹಿರಿಯರು ಕಷ್ಟಪಟ್ಟು ಕಟ್ಟಿದ ಮನೆಗಳಿಗೆ ಇಂದು ಕೋಟಿಗಳ ಬೆಲೆ. ಪಾಲಿನ ಮಾತು ಬಂದೊಡನೆ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತುಣ್ಣದಂತಾಗುವುದನ್ನೂ, ತಂದೆಯ ಶ್ರಾದ್ಧದಲ್ಲಿಯೂ ಮುಖ ತಿರುಗಿಸುವುದನ್ನೂ ನಾವು ಕಾಣುತ್ತಿದ್ದೇವೆ. ಎಲ್ಲರೂ ನಾಯಕರಂತೆ ಮನೆಮಾರು ಬಿಟ್ಟು ಹೊರಡಬೇಕಿಲ್ಲ. ಗೃಹಸ್ಥನಿಗೆ ಧನ ಬೇಕು. ಆದರೆ ಮನೆಯವರಲ್ಲಿ ಮುಚ್ಚುಮರೆಯಿಲ್ಲದಿರಲಿ, ಕೊಡುವ ಕೈಯನ್ನು ಯಾರೂ ತಡೆಯದಿರಲಿ. ಈ ಆರಾಧನೆಯಂದು ಮುನಿದ ಸೋದರನನ್ನೂ ಕರೆದು ಜೊತೆಯಲ್ಲಿ ತೀರ್ಥಪ್ರಸಾದ ಸ್ವೀಕರಿಸಿದರೆ ಅದೇ ದಾಸರಿಗೆ ಪ್ರಿಯವಾದ ಸೇವೆಯೆಂದು ನಾವು ಭಾವಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.