ಸೈಕಲ್ ವೀರ ಮೇಜರ್ ಟೇಲರ್

ಸೈಕಲ್ ಪಂದ್ಯವೆಂದರೆ ಕಾಲಿನ ಬಲದ ಪರೀಕ್ಷೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯಾರ ತೊಡೆಯಲ್ಲಿ ಹೆಚ್ಚು ಶಕ್ತಿಯಿದೆಯೋ ಅವರೇ ಮೊದಲು ಗುರಿ ಮುಟ್ಟುವರೆಂಬುದು ನಮ್ಮ ಎಣಿಕೆ. ಆದರೆ ಆಷಾಢದ ದಿನಗಳಲ್ಲಿ ಹುಬ್ಬಳ್ಳಿಯ ವಿದ್ಯಾನಗರದಿಂದ ಉಣಕಲ್ಲಿನ ಕಡೆಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದ ವಿದ್ಯಾರ್ಥಿಗಳಿಗೆ ಬೇರೊಂದು ಸಂಗತಿ ತಿಳಿದಿರುತ್ತದೆ. ಇಬ್ಬರು ಹಿಂದೆ ಮುಂದೆ ಸಾಗುವಾಗ ಮುಂದಿನವನು ಗಾಳಿಯನ್ನು ಸೀಳಿಕೊಂಡು ಬೆವರಿಳಿಸುತ್ತಾನೆ. ಅವನ ಬೆನ್ನ ಮರೆಯಲ್ಲಿ ಹಿಂದಿನವನು ಅಷ್ಟೇ ವೇಗದಿಂದ, ಆದರೆ ಎಷ್ಟೋ ಕಡಿಮೆ ಶ್ರಮದಿಂದ ಸಾಗುತ್ತಾನೆ. ಸೈಕಲ್ ಪಂದ್ಯದ ಯುಕ್ತಿಗಳೆಲ್ಲ ಹುಟ್ಟಿರುವುದು ಈ ಚಿಕ್ಕ ಸಂಗತಿಯಿಂದಲೇ.

ಅಂಡಾಕಾರದ ಪಥದಲ್ಲಿ ಇಬ್ಬರೇ ಸ್ಪರ್ಧಿಸುವ ಅಲ್ಪ ದೂರದ ಓಟವನ್ನು ಮೊದಲ ಸಲ ನೋಡುವವರಿಗೆ ಬೆರಗಾಗುತ್ತದೆ. ಇಬ್ಬರಲ್ಲಿ ಯಾರಿಗೂ ಮುಂದೆ ಹೋಗುವ ಮನಸ್ಸಿರುವುದಿಲ್ಲ. ಮುಂದಿರುವವನು ಗಾಳಿಗೆ ಎದೆಯೊಡ್ಡಬೇಕು. ಸಾಲದುದಕ್ಕೆ ಎದುರಾಳಿಯ ಚಲನವಲನ ಅವನಿಗೆ ಕಾಣದು. ಹಿಂದಿರುವವನಿಗಾದರೋ ಎಲ್ಲವೂ ಕಾಣುತ್ತದೆ. ಆದುದರಿಂದ ಇಬ್ಬರೂ ಬೇಕೆಂದೇ ನಿಧಾನವಾಗುತ್ತಾರೆ, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯುತ್ತಾರೆ. ಆಮೇಲೆ ಯಾವುದೋ ಒಂದು ಕ್ಷಣದಲ್ಲಿ, ಎದುರಾಳಿಯ ಎಚ್ಚರ ಎಳ್ಳಷ್ಟು ತಪ್ಪಿದೊಡನೆ, ಒಬ್ಬನು ಬಾಣದಂತೆ ಚಿಮ್ಮುತ್ತಾನೆ. ಇನ್ನೊಬ್ಬನು ಎಚ್ಚೆತ್ತು ಪೆಡಲನ್ನು ಒತ್ತುವಷ್ಟರಲ್ಲಿ ಎರಡು ಸೈಕಲ್ಲುಗಳ ಉದ್ದದಷ್ಟು ಅಂತರ ಬಿದ್ದಿರುತ್ತದೆ. ಕುಸ್ತಿಯ ಕಣದಲ್ಲಿ ಪೈಲವಾನರು ಪಟ್ಟಿಗಾಗಿ ಕಾಯುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತರುಣ ತರುಣಿಯರು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಗಳಿಸಿ ನಾಡಿಗೆ ಕೀರ್ತಿ ತಂದಿರುವರು. ಅವರು ಇಂದು ಗುರುಮುಖದಿಂದ ಕಲಿಯುವ ಈ ಪಟ್ಟುಗಳನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಜೀವಭಯದ ನಡುವೆ ಕಲಿತುಕೊಂಡವನೊಬ್ಬನಿದ್ದನು. ಅವನೇ ಮಾರ್ಷಲ್ ವಾಲ್ಟರ್ ಟೇಲರ್. ಲೋಕವು ಅವನನ್ನು ಮೇಜರ್ ಟೇಲರ್ ಎಂದು ಕರೆಯಿತು.

ಟೇಲರನು ಹುಟ್ಟಿದುದು 1878ರ ನವೆಂಬರ್ 26ರಂದು, ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ. ಅವನದು ಕಪ್ಪು ವರ್ಣೀಯರ ಬಡ ಕುಟುಂಬ. ತಂದೆ ಅಂತರ್ಯುದ್ಧದಲ್ಲಿ ಉತ್ತರದ ಪಕ್ಷದಲ್ಲಿ ಸೈನಿಕನಾಗಿದ್ದು, ಅನಂತರ ಶ್ರೀಮಂತ ಬಿಳಿಯರ ಮನೆಯೊಂದರಲ್ಲಿ ಸಾರೋಟು ನಡೆಸುವ ಕೆಲಸಕ್ಕೆ ಸೇರಿದನು. ಆ ಮನೆಯ ಮಗನೂ ಟೇಲರನೂ ಒಂದೇ ವಯಸ್ಸಿನವರು. ಒಡೆಯರು ಟೇಲರನನ್ನು ತಮ್ಮಲ್ಲಿಯೇ ಇರಿಸಿಕೊಂಡು ಮಗನ ಸಂಗಾತಿಯಾಗಿ ಬೆಳೆಸಿದರು. ಅವನಿಗೆ ಮೊದಲ ಸೈಕಲ್ ದೊರೆತದ್ದೂ ಆ ಮನೆಯಲ್ಲಿಯೇ. ಕೆಲವು ವರ್ಷಗಳ ಬಳಿಕ ಆ ಕುಟುಂಬವು ಚಿಕಾಗೋ ನಗರಕ್ಕೆ ಹೊರಟುಹೋಯಿತು. ತಾಯಿ ಮಗನನ್ನು ಅಷ್ಟು ದೂರ ಕಳುಹಿಸಲು ಒಪ್ಪಲಿಲ್ಲ. ನಿನ್ನೆಯವರೆಗೆ ಸಿರಿವಂತರ ಮಗುವಿನಂತೆ ಇದ್ದ ಬಾಲಕನು ಸೈಕಲ್ಲೇರಿ ಮನೆಮನೆಗೆ ಪತ್ರಿಕೆ ಹಂಚತೊಡಗಿದನು. ಆಟದ ಗೆಳೆಯರು ಹೋಗುತ್ತಿದ್ದ ವ್ಯಾಯಾಮಶಾಲೆಯೂ ಅವನ ಮೈಬಣ್ಣವನ್ನು ಕಂಡು ಬಾಗಿಲು ಮುಚ್ಚಿತು. ಈ ಪೆಟ್ಟನ್ನು ಅವನು ಕೊನೆಯವರೆಗೂ ಮರೆಯಲಿಲ್ಲ.

ಸೈಕಲ್ ಅಂಗಡಿಯೊಂದರ ಮಾಲಿಕರು ಅವನ ಚಮತ್ಕಾರದ ಸವಾರಿಯನ್ನು ಮೆಚ್ಚಿ ಕೆಲಸ ಕೊಟ್ಟರು. ಸಿಪಾಯಿಯ ಸಮವಸ್ತ್ರ ತೊಟ್ಟು ಅಂಗಡಿಯ ಮುಂದೆ ಅವನು ತೋರಿಸುತ್ತಿದ್ದ ಕಸರತ್ತು ಗಿರಾಕಿಗಳನ್ನು ಸೆಳೆಯುತ್ತಿತ್ತು. ಮೇಜರ್ ಎಂಬ ಬಿರುದು ಬಂದುದು ಆ ಉಡುಪಿನಿಂದ. ಮುಂದೆ ಲೂಯಿ ಮಂಗರ್ ಎಂಬ ಮಾಜಿ ಸವಾರನು ಅವನ ಕೈಹಿಡಿದನು. ಮಂಗರನು ಬಿಳಿಯನು. ಕಪ್ಪು ಹುಡುಗನನ್ನು ಜಗದ್ವಿಜೇತನನ್ನಾಗಿ ಮಾಡುವೆನೆಂಬ ಅವನ ಛಲವನ್ನು ಕಂಡು ನಕ್ಕವರು ಬಹಳ ಮಂದಿ.

1895ರಲ್ಲಿ ನಡೆದ 75 ಮೈಲಿಗಳ ರಸ್ತೆಯ ಪಂದ್ಯವೊಂದು ಟೇಲರನ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಆರಂಭದಲ್ಲಿ ಅವನು ಯಾರ ಕಣ್ಣಿಗೂ ಬೀಳದಂತೆ ಗುಂಪಿನ ಹಿಂದೆ ಉಳಿದನು. ಕೆಲವು ಮೈಲಿ ಸಾಗಿದ ಮೇಲೆ ಉಳಿದವರು ಅವನನ್ನು ಗುರುತಿಸಿ ಬೈದರು, ಹಿಂದಿರುಗದಿದ್ದರೆ ಕೈಕಾಲು ಮುರಿಯುವುದಾಗಿ ಬೆದರಿಸಿದರು. ಹಿಂದೆ ಇದ್ದರೂ ಅಪಾಯ, ನಡುವೆ ಇದ್ದರೂ ಅಪಾಯ. ಸಿಕ್ಕ ಮೊದಲ ಸಂದಿಯಲ್ಲಿ ನುಗ್ಗಿ ಅವನು ಎಲ್ಲರನ್ನೂ ದಾಟಿದನು. ಮತ್ತೆ ಯಾರ ಕೈಗೂ ಸಿಗಲಿಲ್ಲ. ಆ ಪಂದ್ಯದಲ್ಲಿ ಗುರಿಯನ್ನು ಮುಟ್ಟಿದವನು ಅವನೊಬ್ಬನೇ. ಅದೇ ವರ್ಷ ಗುರುಶಿಷ್ಯರು ಮಸಾಚುಸೆಟ್ಸಿನ ವುಸ್ಟರ್ ಪಟ್ಟಣಕ್ಕೆ ವಲಸೆ ಹೋದರು. ಅಲ್ಲಿನ ವ್ಯಾಯಾಮಶಾಲೆ ಟೇಲರನನ್ನು ಬರಮಾಡಿಕೊಂಡಿತು.

ಆ ಕಾಲದ ಅಮೆರಿಕದಲ್ಲಿ ಸೈಕಲ್ ಪಂದ್ಯಗಳಿಗೆ ಅಪಾರ ಜನ ಸೇರುತ್ತಿದ್ದರು. ಅಲ್ಲಿನ ಸೈಕಲ್ ಸವಾರರ ದೊಡ್ಡ ಸಂಘವು 1894ರಲ್ಲಿಯೇ ಕಪ್ಪು ಜನರಿಗೆ ಸದಸ್ಯತ್ವವಿಲ್ಲವೆಂದು ನಿಯಮ ಮಾಡಿತ್ತು. ಆದರೂ 1896ರ ಡಿಸೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಟೇಲರನು ನ್ಯೂಯಾರ್ಕ್ ನಗರದಲ್ಲಿ ವೃತ್ತಿಪರನಾಗಿ ಕಣಕ್ಕಿಳಿದನು. ಅಲ್ಲಿ ನಡೆದ ಆರು ದಿನಗಳ ಪಂದ್ಯದಲ್ಲಿ ಹಗಲಿರುಳೆನ್ನದೆ 1,732 ಮೈಲಿ ತುಳಿದು ಎಂಟನೆಯವನಾದನು. ಮನುಷ್ಯರನ್ನು ನಿದ್ದೆಗೆಡಿಸಿ ಗಾಣದ ಎತ್ತುಗಳಂತೆ ಸುತ್ತಿಸುವ ಇಂತಹ ಪಂದ್ಯ ಕ್ರೀಡೆಯೆನಿಸಿಕೊಳ್ಳಲು ಯೋಗ್ಯವೇ ಎಂಬುದು ಬೇರೆಯ ಮಾತು. ಟೇಲರನು ಅಂತಹ ಪಂದ್ಯಗಳನ್ನು ಬಿಟ್ಟು ಅಲ್ಪ ದೂರದ ಓಟಗಳನ್ನೇ ತನ್ನದಾಗಿಸಿಕೊಂಡನು.

ಅಲ್ಲಿ ಅವನಿಗೆ ಎದುರಾದುದು ಒಬ್ಬ ಪ್ರತಿಸ್ಪರ್ಧಿಯಲ್ಲ, ಒಂದು ಕೂಟ. ಬಿಳಿಯ ಸವಾರರು ತಮ್ಮ ತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಓಟದ ನಡುವೆ ಅವನನ್ನು ಸುತ್ತುಗಟ್ಟುತ್ತಿದ್ದರು. ಮುಂದೊಬ್ಬ, ಬದಿಯಲ್ಲೊಬ್ಬ, ಹಿಂದೊಬ್ಬ. ಹೀಗೆ ಚೀಲದೊಳಗೆ ಕಟ್ಟಿದಂತೆ ಅವನನ್ನು ಸಿಕ್ಕಿಸಿ, ತಮ್ಮವನೊಬ್ಬನು ಗೆಲ್ಲುವಂತೆ ನೋಡಿಕೊಳ್ಳುತ್ತಿದ್ದರು. ತಂತ್ರ ಬೇರೆ, ಕುತಂತ್ರ ಬೇರೆ, ಇದು ಎರಡನೆಯದು. 1897ರ ಸೆಪ್ಟೆಂಬರಿನಲ್ಲಿ ಟಾಂಟನ್ ಎಂಬಲ್ಲಿ ಓಟ ಮುಗಿದೊಡನೆ ಬೆಕರ್ ಎಂಬ ಸ್ಪರ್ಧಿಯು ಟೇಲರನನ್ನು ಸೈಕಲ್ಲಿನಿಂದ ಕೆಳಗೆಳೆದು ಪ್ರಜ್ಞೆ ತಪ್ಪುವವರೆಗೆ ಕುತ್ತಿಗೆ ಹಿಸುಕಿದನು. ಬೆಕರನಿಗೆ ಆದ ಮುಖ್ಯ ಶಿಕ್ಷೆಯೆಂದರೆ 50 ಡಾಲರ್ ದಂಡ!

ಟೇಲರನು ಹೊಡೆತಕ್ಕೆ ಹೊಡೆತ ಕೊಡಲಿಲ್ಲ. ಕೊಟ್ಟಿದ್ದರೆ ಅವನನ್ನು ಕಣದಿಂದಲೇ ಹೊರಗೆ ಹಾಕುತ್ತಿದ್ದರು. ಅವನು ತನ್ನ ಚಿಮ್ಮುಗೆಯನ್ನು ಹರಿತಗೊಳಿಸಿದನು. ಸುತ್ತುಗಟ್ಟಿದವರ ನಡುವೆ ಗೇಣಷ್ಟು ಸಂದು ಬಿಟ್ಟರೆ ಸಾಕು, ಅದು ಮುಚ್ಚುವ ಮೊದಲೇ ನುಸುಳಿಹೋಗುವನು. ಸಂದು ಸಿಗದಿದ್ದರೆ ಅಂಚಿನ ಹಾದಿಯಲ್ಲಿ ಹೊರಬರುವನು, ಇಲ್ಲವೇ ಯಾರೂ ನಿರೀಕ್ಷಿಸದಷ್ಟು ಮೊದಲೇ ಮುನ್ನುಗ್ಗಿ ಕೂಟ ಕಟ್ಟಲು ಅವಕಾಶವನ್ನೇ ಕೊಡದಿರುವನು. ಹ್ಯಾಂಡಲನ್ನು ಮುಂದಕ್ಕೆ ಚಾಚುವ ಒಂದು ಸಾಧನವನ್ನೂ ಬಳಕೆಗೆ ತಂದನು; ಅದರಿಂದ ಬೆನ್ನು ಹಲಗೆಯಂತೆ ಮಟ್ಟವಾಗಿ ಗಾಳಿಯ ತಡೆ ಕಡಿಮೆಯಾಯಿತು. 1899ರ ಆಗಸ್ಟಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಂದು ಮೈಲಿಯ ಓಟವನ್ನು ಗೆದ್ದು ಅವನು ಜಗದ್ವಿಜೇತನಾದನು. ಮುಷ್ಟಿಯುದ್ಧದ ಜಾರ್ಜ್ ಡಿಕ್ಸನನನ್ನು ಬಿಟ್ಟರೆ, ಅಲ್ಲಿಯವರೆಗೆ ಯಾವ ಕ್ರೀಡೆಯಲ್ಲಿಯೂ ಕಪ್ಪು ವರ್ಣೀಯನೊಬ್ಬನು ಆ ಪದವಿಗೆ ಏರಿರಲಿಲ್ಲ.

ಯೂರೋಪಿನಿಂದ ಅವನಿಗೆ ಕರೆ ಬಂದಿತು. ಆದರೆ ಟೇಲರನು ಧರ್ಮಭೀರು. ಭಾನುವಾರ ಪ್ರಾರ್ಥನೆಯ ದಿನವೆಂದು ಅಂದು ಪಂದ್ಯಕ್ಕಿಳಿಯುತ್ತಿರಲಿಲ್ಲ. ದೊಡ್ಡ ಹಣದ ಆಸೆಗೂ ಈ ವ್ರತ ಮುರಿಯಲಿಲ್ಲ. ಕಡೆಗೆ ಸಂಘಟಕರೇ ಮಣಿದು, ಬೇರೆ ದಿನಗಳಲ್ಲಿ ಅವನ ಪಂದ್ಯಗಳನ್ನು ಗೊತ್ತುಪಡಿಸಿದರು.

1901ರ ಮೇ 16ರಂದು ಪ್ಯಾರಿಸ್ಸಿನಲ್ಲಿ ಅವನು ಎದ್‌ಮಂ ಜಾಕ್ಲೆಂ ಎಂಬ ಫ್ರೆಂಚ್ ವೀರನನ್ನು ಎದುರಿಸಿದನು. ಜಾಕ್ಲೆಂ 1900ರ ಜಗದ್ವಿಜೇತ. ಚಿಮ್ಮುಗೆಯಲ್ಲಿ ಟೇಲರನಿಗೆ ಸರಿಸಮಾನ. ಮೂರು ಓಟಗಳಲ್ಲಿ ಎರಡನ್ನು ಗೆದ್ದವನು ವಿಜಯಿ. ಅಂದು ವಿಪರೀತ ಚಳಿಯಿತ್ತು. ಟೇಲರನಿಗೆ ಚಳಿ ಒಗ್ಗುತ್ತಿರಲಿಲ್ಲ. ಜಾಕ್ಲೆಂ ಎರಡೂ ಓಟಗಳನ್ನು ಗೆದ್ದು, ಸೋತವನ ಕಡೆಗೆ ಮೂಗಿಗೆ ಬೆರಳಿಟ್ಟು ಅಣಕಿಸಿದನು. ಟೇಲರನು ಮರುಪಂದ್ಯವನ್ನು ಕೇಳಿದನು.

ಅದು ನಡೆದುದು ಮೇ 27ರಂದು. ಮೊದಲ ಓಟದಲ್ಲಿ ಇಬ್ಬರೂ ಮುಂದೆ ಹೋಗಲೊಲ್ಲದೆ ನಿಧಾನವಾಗುತ್ತ, ಕೊನೆಗೆ ಪಥದ ನಡುವೆ ನಿಂತೇಬಿಟ್ಟರು. ನೆಲಕ್ಕೆ ಕಾಲು ತಾಗಿಸದೆ, ಎರಡು ಗಾಲಿಗಳ ಮೇಲೆ ತೂಗುತ್ತ ನಿಲ್ಲುವುದು ಎಷ್ಟು ಕಠಿಣವೆಂಬುದನ್ನು ನೀವು ಒಮ್ಮೆ ಪ್ರಯತ್ನಿಸಿ ನೋಡಬಹುದು. ಪಥದ ಸೈಕಲ್ಲಿನ ಪೆಡಲು ಹಿಂದಿನ ಗಾಲಿಗೆ ಬಿಡಿಸಲಾಗದಂತೆ ಹೊಂದಿಕೊಂಡಿರುತ್ತದೆ. ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೇ ಸರಿಯುತ್ತದೆ. ಅಂಗಡಿಯ ಮುಂದೆ ಬಾಲಕನಾಗಿ ಕಲಿತ ಕಸರತ್ತು ಇಲ್ಲಿ ಟೇಲರನ ನೆರವಿಗೆ ಬಂದಿತು. ಅವನು ಮೆಲ್ಲನೆ ಪೆಡಲನ್ನು ಹಿಂದಕ್ಕೆ ಸರಿಸಿ, ಜಾಕ್ಲೆಂನ ಬೆನ್ನ ಹಿಂದೆ ಬಂದು ನಿಂತನು. ಮುಂದಾಳುತನ ಬೇಡವೆಂದವನ ಕೊರಳಿಗೇ ಅದು ಬಿದ್ದಂತಾಯಿತು. ಜನರು ಈ ಜಾಣತನಕ್ಕೆ ನಕ್ಕು ಚಪ್ಪಾಳೆ ತಟ್ಟಿದರು. ಜಾಕ್ಲೆಂ ಅನಿವಾರ್ಯವಾಗಿ ಮುನ್ನಡೆದನು. ತಕ್ಕ ಕ್ಷಣದಲ್ಲಿ ಟೇಲರನು ಬೆನ್ನ ಮರೆಯಿಂದ ಹಾರಿ ಗೆದ್ದನು.

ಎರಡನೆಯ ಓಟದ ಆರಂಭದಲ್ಲಿ ಟೇಲರನು ಇನ್ನೊಂದು ಸೂಕ್ಷ್ಮವಾದ ಆಟವಾಡಿದನು. ಪಕ್ಕಕ್ಕೆ ಬಾಗಿ ಎದುರಾಳಿಯ ಕೈ ಕುಲುಕಿದನು. ನೋಡಿದವರಿಗೆ ಅದು ಸೌಜನ್ಯವಾಗಿ ಕಂಡಿತು, ಸೌಜನ್ಯವೂ ಹೌದು. ಆದರೆ ಕೈ ಕುಲುಕುವುದು ಪಂದ್ಯದ ಕೊನೆಯಲ್ಲಿ ಅಲ್ಲವೇ? ಮೂರನೆಯ ಓಟಕ್ಕೆ ಕಾರಣವೇ ಇರುವುದಿಲ್ಲವೆಂಬ ಸೂಚನೆ ಅದರಲ್ಲಿ ಅಡಗಿತ್ತು. ಹಾಗೆಯೇ ಆಯಿತು. ಗೆದ್ದ ಬಳಿಕ ಅವನು ಅಮೆರಿಕದ ಚಿಕ್ಕ ಧ್ವಜವೊಂದನ್ನು ಬೀಸುತ್ತ ಪಥವನ್ನು ಸುತ್ತಿದನು. ತನ್ನನ್ನು ಹೋಟೆಲುಗಳಿಂದ ಹೊರದೂಡುತ್ತಿದ್ದ ದೇಶದ ಧ್ವಜವದು.

1902ರಲ್ಲಿ ಅವನ ಮದುವೆಯಾಯಿತು. ಆಸ್ಟ್ರೇಲಿಯಾದ ಪ್ರವಾಸದಲ್ಲಿದ್ದಾಗ, 1904ರಲ್ಲಿ, ಸಿಡ್ನಿಯಲ್ಲಿ ಮಗಳು ಹುಟ್ಟಿದಳು; ಆ ನಗರದ ಹೆಸರನ್ನೇ ಅವಳಿಗೂ ಇಟ್ಟರು. ಅಲ್ಲಿಗೆ ಅವನ ದೇಹವೂ ಮನಸ್ಸೂ ಬಳಲಿದ್ದವು. ಕೆಲವು ವರ್ಷ ವಿರಮಿಸಿ ಮತ್ತೆ ಯೂರೋಪಿನಲ್ಲಿ ಸ್ಪರ್ಧಿಸಿದನು. 1910ರಲ್ಲಿ ಕಣದಿಂದ ನಿವೃತ್ತನಾದನು. ಕೂಡಿಟ್ಟ ಹಣ ವ್ಯಾಪಾರದಲ್ಲಿ ಕರಗಿತು. 1928ರಲ್ಲಿ ಆತ್ಮಕಥೆಯನ್ನು ತಾನೇ ಅಚ್ಚುಹಾಕಿಸಿ, ಬಾಲ್ಯದಲ್ಲಿ ಪತ್ರಿಕೆ ಹಂಚಿದಂತೆಯೇ ಮನೆಬಾಗಿಲಿಗೆ ಹೊತ್ತು ಮಾರಿದನು. ಹೆಂಡತಿ ಮಗಳು ದೂರವಾದರು. 1932ರ ಜೂನ್ 21ರಂದು ಚಿಕಾಗೋ ನಗರದ ಆಸ್ಪತ್ರೆಯೊಂದರ ಧರ್ಮಾರ್ಥ ವಿಭಾಗದಲ್ಲಿ ಅವನು ತೀರಿಕೊಂಡನು. ಶವವನ್ನು ಕೇಳುವವರಿರಲಿಲ್ಲ, ದಿಕ್ಕಿಲ್ಲದವರ ಗೋರಿಯಲ್ಲಿ ಹೂಳಿದರು.

ಹದಿನಾರು ವರ್ಷಗಳ ಬಳಿಕ, 1948ರಲ್ಲಿ, ಹಳೆಯ ಸೈಕಲ್ ಸವಾರರು ಕೆಲವರು ಆ ಗೋರಿಯನ್ನು ಪತ್ತೆ ಹಚ್ಚಿದರು. ಸೈಕಲ್ ತಯಾರಕ ಫ್ರಾಂಕ್ ಶ್ವಿನ್ ಹಣ ಕೊಟ್ಟನು. ಟೇಲರನ ಅವಶೇಷಗಳನ್ನು ಅದೇ ಸ್ಮಶಾನದ ಎದ್ದುಕಾಣುವ ಸ್ಥಳಕ್ಕೆ ತಂದು, ಅವನ ಹೆಸರು ಕೆತ್ತಿದ ಕಂಚಿನ ಫಲಕವನ್ನು ಇರಿಸಿದರು. ವ್ಯಾಯಾಮಶಾಲೆಯ ಬಾಗಿಲು ಮುಚ್ಚಿದ್ದ ಇಂಡಿಯಾನಾಪೊಲಿಸ್ ನಗರದಲ್ಲಿ 1982ರಲ್ಲಿ ಹೊಸದಾಗಿ ಒಂದು ಸೈಕಲ್ ಪಥವನ್ನು ಕಟ್ಟಿ, ಅದಕ್ಕೆ ಅವನ ಹೆಸರನ್ನಿಟ್ಟರು.